ಚಾನ್ ಥಾವ್‌ನ ಮೂರು ದಿನ

ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ಚಾನ್ ಥಾವ್ ನನ್ನ ಮೇಜಿನ ಮುಂದೆ ಬಂದು ನಿಂತ. ರಬ್ಬರ್ ಬೂಟನ್ನು ಹೊರಗೇ ಬಿಟ್ಟಿದ್ದ. ಮೀನು ಕೊಯ್ಯುವ ಸಾಲಿನವರೆಲ್ಲ ನಮ್ಮ ಕಚೇರಿಗೆ ಬರುವುದು ಹಾಗೆಯೇ, ನೆಲ ಕೊಳೆಯಾದರೆ ನಾನು ಬೈಯುತ್ತೇನೆಂಬ ಭಯಕ್ಕೆ. ಬೈಯುತ್ತೇನೆ ಕೂಡ.

“ಅಕ್ಕ, ಪಟ್ಟೀಲಿ ನನ್ನ ಹೆಸರಿದೆ ಅಂದ್ರು.”

“ಇದೆ.”

“ಯಾಕಕ್ಕ?”

“ಮಾರ್ಚಿ ಹನ್ನೆರಡು, ಹದಿಮೂರು, ಹದಿನಾಲ್ಕು. ಮೂರು ದಿನ ನಾಪತ್ತೆ ಆಗಿದ್ದೀಯ. ರಜೆ ಹಾಕಿಲ್ಲ.”

“ಹಾಕಿದ್ದೆ. ನಿಮ್ಮ ಕೈಲೇ ಚೀಟಿ ಕೊಟ್ಟಿದ್ದೆ.”

ಹತ್ತೊಂಬತ್ತು ವರ್ಷದಿಂದ ಬ್ಯಾಂಕಾಕ್ ಪಕ್ಕದ ಮಹಾಚೈ ಊರಿನ ಈ ಡಬ್ಬಿಮೀನಿನ ಕಾರ್ಖಾನೆಯಲ್ಲಿ ರಜೆಯ ಮೇಜು ನನ್ನದು. ನನ್ನೆದುರು ನಿಂತು ‘ನಿಮ್ಮ ಕೈಲೇ ಕೊಟ್ಟಿದ್ದೆ’ ಎನ್ನದ ಮನುಷ್ಯನೇ ಇಲ್ಲ. ಒಂದೇ ವರ್ಷದಲ್ಲಿ ಅದೇ ಅಜ್ಜಿಯನ್ನು ಮೂರು ಸಲ ಸಾಯಿಸಿ ರಜೆ ಪಡೆದವರನ್ನು ಕಂಡಿದ್ದೇನೆ. ಆ ಅಜ್ಜಿ ನಾಲ್ಕನೆಯ ಸಲ ತಾನೇ ಬಂದು ಮೊಮ್ಮಗನ ಬಟವಾಡೆ ಕೇಳಿದ್ದನ್ನೂ ಕಂಡಿದ್ದೇನೆ. ಹೀಗಾಗಿ ಪರದೆಯ ಮೇಲೆ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ ಅನ್ನುವುದು ನನ್ನ ರೂಢಿ. ಮುಖ ನೋಡಿ ಮಾತಾಡಲು ಹೋದರೆ ಈ ಮೇಜಿನಲ್ಲಿ ಒಂದು ವಾರ ಬಾಳಲಾಗದು. ಬೆನ್ನ ಹಿಂದೆ ನನ್ನನ್ನು ರಜೆರಾಣಿ ಅನ್ನುತ್ತಾರೆ, ಎದುರಿಗೆ ಲಮ್ಯಾಯ್ ಅಕ್ಕ.

ಪಟ್ಟಿ ಕೇಳಿದ್ದು ಬ್ಯಾಂಕಾಕಿನ ಮುಖ್ಯ ಕಚೇರಿ. ಡಬ್ಬಿಗಳಿಗೆ ಬೇಡಿಕೆ ಇಳಿದಿತ್ತು, ಜನ ಹೆಚ್ಚಾಗಿದ್ದರು. ಈ ವರ್ಷ ರಜೆ ಹಾಕದೆ ಸತತ ಮೂರು ದಿನ ಬಾರದವರು ಯಾರಾದರೂ ಇದ್ದರೆ ಹೆಸರು ಕಳಿಸಿ, ಅಂಥವರನ್ನು ತೆಗೆಯಲು ಯಾವ ತಕರಾರೂ ಇರುವುದಿಲ್ಲ ಎಂದು ಬರೆದಿದ್ದರು. ಗುರುವಾರ ಸಂಜೆ ಸಾಫ್ಟ್‌ವೇರಿನಲ್ಲಿ ಹುಡುಕು ಎಂದು ಒತ್ತಿದೆ. ಒಂಬೈನೂರು ಜನರಲ್ಲಿ ಒಂದೇ ಒಂದು ಹೆಸರು ಬಂತು. ಮೂರು ಕೆಂಪು ಚೌಕ. ಆ ದಿನಗಳಲ್ಲಿ ಹೆಬ್ಬೆಟ್ಟಿನ ಗುರುತೂ ಇಲ್ಲ, ರಜೆಯೂ ಇಲ್ಲ.

ಬೇರೆ ಯಾರಾದರೂ ಆಗಿದ್ದರೆ ಅಷ್ಟಕ್ಕೇ ಕೈ ತೊಳೆದುಕೊಳ್ಳುತ್ತಿದ್ದೆ. ಆದರೆ ಇವನ ಹುಬ್ಬು ನನಗೆ ನೆನಪಿತ್ತು. ಮಾರ್ಚಿಯಲ್ಲಿ ಗಡಿಯಾಚೆ ಬರ್ಮಾದಲ್ಲಿ, ಯೇ ಎಂಬ ಊರಿನಲ್ಲಿ, ಇವನ ತಾಯಿ ತೀರಿಕೊಂಡಿದ್ದಳು. ಹೋಗುವಂತಿರಲಿಲ್ಲ, ಹೋದರೆ ಮರಳುವಂತಿರಲಿಲ್ಲ. ಅವಳಿಗೆ ಪುಣ್ಯ ಸೇರಲೆಂದು ಇಲ್ಲೇ ಕಾಲುವೆ ದಂಡೆಯ ವಿಹಾರದಲ್ಲಿ ಮೂರು ದಿನ ಭಿಕ್ಷುವಾಗಿದ್ದ. ಅವರ ಮೋನ್ ಜನರಲ್ಲಿ ತಲೆ ಮಾತ್ರ ಬೋಳಿಸುತ್ತಾರೆ. ನಮ್ಮ ಥಾಯ್ ಗುರುಗಳು ರೂಢಿಯಂತೆ ಹುಬ್ಬನ್ನೂ ಬೋಳಿಸಿಬಿಟ್ಟರು. ನಾಲ್ಕನೆಯ ದಿನ ಕೆಲಸಕ್ಕೆ ಬಂದವನನ್ನು ಕಂಡು ಸಾಲಿನವರು ತಿಂಗಳುಗಟ್ಟಲೆ ‘ಮೊಟ್ಟೆ, ಏ ಮೊಟ್ಟೆ’ ಎಂದು ಕರೆದರು. ಅವನೂ ನಗುತ್ತಿದ್ದ. ಹುಬ್ಬಿಲ್ಲದವನು ನಕ್ಕರೆ ಅಳುತ್ತಿರುವಂತೆಯೇ ಕಾಣುತ್ತದೆ.

ಅಂದರೆ ಹೋಗಿದ್ದು ನಿಜ, ಕಾರಣವೂ ನಿಜ. ಆದರೆ ಪರದೆಗೆ ಹುಬ್ಬು ಬೇಡ, ರಜೆ ಬೇಕು.

“ನೋಡ್ತೀನಿ. ಕಾರ್ಡು ಕೊಡು, ನಕಲು ತೆಗೀಬೇಕು,” ಅಂದೆ.

ಕೆಲಸದ ಪರವಾನಗಿಯ ಗುಲಾಬಿ ಕಾರ್ಡನ್ನು ಪ್ಲಾಸ್ಟಿಕ್ ಚೀಲದಿಂದ ಬಿಚ್ಚಿ ಎರಡು ಕೈಯಲ್ಲೂ ಹಿಡಿದು ಕೊಟ್ಟ. ಕೊಟ್ಟವನು ಹೋಗಲಿಲ್ಲ.

“ಅಕ್ಕ, ಕೆಲಸ ತೊರೆದೋನು ಅಂತ ಬರೆದ್ರೆ ಬೇರೆ ಧಣಿ ಯಾರೂ ನನ್ನ ತಗೊಳಲ್ಲ. ಆಚೆ ಕಳಿಸ್ತಾರೆ.”

“ಗೊತ್ತು.”

“ತಮ್ಮನ್ನ ಏಪ್ರಿಲ್‌ನಲ್ಲಿ ಎತ್ತಾಕ್ಕೊಂಡು ಹೋದ್ರು, ಸೈನ್ಯಕ್ಕೆ. ಸುದ್ದೀನೇ ಇಲ್ಲ. ನನಗೂ ಬಂದೂಕು ಕೊಟ್ಟು ಎದುರಿಗೆ ನಿಲ್ಲಿಸ್ತಾರೆ. ನಾನು ಮೀನು ಬಿಟ್ಟು ಬೇರೇನೂ ಕೊಯ್ದೋನಲ್ಲ ಅಕ್ಕ.”

“ನೋಡ್ತೀನಿ ಅಂದ್ನಲ್ಲ. ಸಂಜೆ ನಾಲ್ಕಕ್ಕೆ ಪಟ್ಟಿ ಹೋಗೋದು. ಅಷ್ಟರೊಳಗೆ ಸಿಕ್ರೆ ಸಿಕ್ತು. ಹೋಗು, ನಿನ್ನ ಮೀನು ಕಾಯ್ತಿದೆ,” ಎಂದು ಗದರಿದೆ. ಗದರದಿದ್ದರೆ ಅವನು ಅಲ್ಲೇ ನಿಲ್ಲುತ್ತಿದ್ದ.

ಈ ವರ್ಷದ ರಜೆಗಳಲ್ಲೆಲ್ಲ ಹುಡುಕತೊಡಗಿದೆ. ಅವನ ಸಂಖ್ಯೆ ಹಾಕಿ ಹುಡುಕಿದೆ: ಆಗಸ್ಟಿನಲ್ಲಿ ಜ್ವರಕ್ಕೆ ಒಂದು ದಿನ, ಬೇರೇನಿಲ್ಲ. ಹೆಸರು ಹಾಕಿದೆ, ಅದೇ ಬಂತು. ಕಾರಣದ ಪೆಟ್ಟಿಗೆಯಲ್ಲಿ ಭಿಕ್ಷು ದೀಕ್ಷೆ ಎಂಬುದನ್ನು ಆರಿಸಿ ಜನವರಿಯಿಂದ ಇವತ್ತಿನವರೆಗೆ ಕೇಳಿದೆ. ಇಪ್ಪತ್ತೆರಡು ಜನ ಬಂದರು, ಎಲ್ಲ ನಮ್ಮ ಹುಡುಗರು. ಬೇರೆಯವರ ಲೆಕ್ಕಕ್ಕೆ ತಪ್ಪಿ ಬಿದ್ದಿರಬಹುದೆಂದು ಮಾರ್ಚಿ ಹನ್ನೆರಡಕ್ಕೆ ರಜೆ ಇದ್ದವರನ್ನೆಲ್ಲ ಒಬ್ಬೊಬ್ಬರಾಗಿ ತೆರೆದೆ. ಒಬ್ಬಳ ಹೆರಿಗೆ, ಒಬ್ಬನ ಹಲ್ಲುನೋವು, ಇನ್ನೊಬ್ಬಳಿಗೆ ತಂಗಿಯ ಮದುವೆ. ಇವನಿಲ್ಲ. ರುಜು ಹಾಕಿದ ಮೇಸ್ತ್ರಿಯ ಹೆಸರಿನಿಂದ ಹುಡುಕಿದೆ. ತಿರಸ್ಕರಿಸಿದ ರಜೆಗಳಲ್ಲಿ, ಅರ್ಧಕ್ಕೆ ಬಿಟ್ಟ ಅರ್ಜಿಗಳಲ್ಲಿ, ಅಳಿಸಿದವುಗಳ ಬುಟ್ಟಿಯಲ್ಲಿ ಹುಡುಕಿದೆ. ಅಲ್ಲೆಲ್ಲ ಒಂದೇ ಬೂದುಬಣ್ಣದ ಸಾಲು: ಯಾವುದೇ ದಾಖಲೆ ಸಿಗಲಿಲ್ಲ. ಹನ್ನೊಂದರ ಹೊತ್ತಿಗೆ ಆ ಸಾಲನ್ನು ಕಂಡರೆ ಪರದೆಗೆ ಚಪ್ಪಲಿ ಎಸೆಯಬೇಕು ಅನ್ನಿಸುತ್ತಿತ್ತು.

ಕಾಗದದ ಚೀಟಿಯಾದರೂ ಇದ್ದಿದ್ದರೆ! ಜನವರಿಯಿಂದ ಏಪ್ರಿಲ್‌ವರೆಗಿನ ರಜೆಗಳೆಲ್ಲ ಚೀಟಿಯಲ್ಲೇ ಇದ್ದವು. ಸೊಂಗ್‌ಕ್ರಾನ್ ಹಬ್ಬ ಮುಗಿದ ಮೇಲೆ ಈ ಸಾಫ್ಟ್‌ವೇರ್ ಬಂತು. ಆ ಚೀಟಿಗಳನ್ನೆಲ್ಲ ಅದಕ್ಕೆ ತುಂಬಿಸಿದವಳು ನಾನೇ. ಮೂರು ಸಾವಿರದ ಎಂಟುನೂರು ಚೀಟಿ, ಒಂಬತ್ತು ದಿನ. ಅದಾದ ಮೇಲೆ ಎಲ್ಲರೂ ಫೋನಿನಲ್ಲೇ ರಜೆ ಹಾಕತೊಡಗಿದರು. ‘ಕಾಗದವಿಲ್ಲದ ಕಾರ್ಖಾನೆ’ ಎಂಬ ಫಲಕ ಗೇಟಿಗೆ ಬಂತು, ಚೀಟಿಗಳು ಮೂಟೆಗಟ್ಟಲೆ ರದ್ದಿಗೆ ಹೋದವು.

ಮೇಸ್ತ್ರಿ ಪ್ರಯೂನ್‌ಗೆ ಫೋನು ಹಚ್ಚಿದೆ.

“ಪ್ರಯೂನಣ್ಣ, ಆ ಮೊಟ್ಟೆ ಹುಡುಗನ ರಜೆಗೆ ನೀವು ರುಜು ಹಾಕಿದ್ರಲ್ಲ?”

“ದಿನಕ್ಕೆ ನಲವತ್ತು ರುಜು ಹಾಕ್ತೀನಿ ತಾಯಿ. ನನ್ನ ಮದುವೆ ತಾರೀಕೇ ನೆನಪಿಲ್ಲ, ಇವನದ್ದೆಲ್ಲಿ ನೆನಪಿರುತ್ತೆ?”

“ಹಾಕಿದ್ದೆ ಅಂತ ಒಂದು ಸಾಲು ಬರೆದುಕೊಡಿ ಸಾಕು.”

“ಹಿಂದಿನ ತಾರೀಕಿಗೆ? ಆಮೇಲೆ ಅವನ ಜೊತೆ ನನ್ನೂ ಪಟ್ಟಿಗೆ ಸೇರಿಸ್ತಾರೆ. ನಿಮ್ಮ ಕಂಪ್ಯೂಟರು, ನಿಮ್ಮ ತಲೆನೋವು.” ಫೋನು ಇಟ್ಟುಬಿಟ್ಟ.

ಊಟದ ಹೊತ್ತಿನಲ್ಲಿ ಅಂಗಡಿಯಿಂದ ಒಂದು ಕೆಂಪು ಸೋಡಾ ತಂದು, ಹೀರುಗೊಳವೆ ಸಿಕ್ಕಿಸಿ, ಗೇಟಿನ ಪಕ್ಕದ, ಜಾಗ ಕಾಯುವ ತಾತದೇವರ ಗುಡಿಯ ಮುಂದಿಟ್ಟೆ. ಲಾಟರಿಗಲ್ಲದೆ ಬೇರೆ ಕೆಲಸಕ್ಕೆ ನಾನು ಆ ದೇವತೆಯನ್ನು ಕೇಳಿಕೊಂಡಿದ್ದು ಅದೇ ಮೊದಲು. ‘ತಾತ, ಒಂದು ಚೀಟಿ ಹುಡುಕಿಕೊಡು, ಒಂದೇ ಒಂದು,’ ಅಂದೆ. ಕಾವಲುಗಾರ ನೋಡಿ ನಕ್ಕ.

ಒಂದು ಗಂಟೆಗೆ ನಮ್ಮ ವ್ಯವಸ್ಥಾಪಕರು ಥವೀಸಕ್ ಬಂದರು. ಕೆಟ್ಟ ಮನುಷ್ಯರಲ್ಲ. ಯಾವುದನ್ನೂ ಎರಡನೆಯ ಸಲ ಯೋಚಿಸಲು ಪುರುಸೊತ್ತಿಲ್ಲದವರು.

“ಸಿಕ್ತೇನ್ರೀ?”

“ಇಲ್ಲ ಸರ್. ಆದ್ರೆ ಅವನು ವಿಹಾರದಲ್ಲಿದ್ದ, ಇಡೀ ಸಾಲಿಗೇ ಗೊತ್ತು.”

“ಇಡೀ ಸಾಲು ಬ್ಯಾಂಕಾಕಿಗೆ ಬಂದು ಸಾಕ್ಷಿ ಹೇಳುತ್ತಾ? ಅವನ ಸ್ಥಿತಿ ಈಗ್ಲೇ ಬದಲಾಯಿಸಿಡಿ. ನಾಲ್ಕಕ್ಕೆ ಕಳಿಸೋದಷ್ಟೇ ಬಾಕಿ ಇರ್ಲಿ.”

ಚಾನ್ ಥಾವ್‌ನ ಪುಟ ತೆರೆದೆ. ಹೆಸರಿನ ಕೆಳಗೆ ‘ಕೆಲಸದಲ್ಲಿದ್ದಾರೆ’ ಎಂದಿತ್ತು. ಆಗ ಕಣ್ಣಿಗೆ ಬಿತ್ತು, ಬಲಮೂಲೆಯಲ್ಲಿ ಸಣ್ಣಕ್ಷರದಲ್ಲಿ: ಮುಂಬರುವ ರಜೆ, ಮೂರು ದಿನ.

ಮೈಯೆಲ್ಲ ಉರಿದುಹೋಯಿತು. ಬೆಳಿಗ್ಗೆಯಿಂದ ಇವನಿಗಾಗಿ ತಲೆ ಚಚ್ಚಿಕೊಳ್ಳುತ್ತಿದ್ದೇನೆ, ಮೇಸ್ತ್ರಿಯ ಬಾಯಿಗೆ ಬಿದ್ದಿದ್ದೇನೆ, ಸೋಡಾ ಇಟ್ಟು ಕೈಮುಗಿದಿದ್ದೇನೆ. ಈ ಮಹಾಶಯ ಫೋನಿನಲ್ಲಿ ಆರಾಮಾಗಿ ಇನ್ನೂ ಮೂರು ದಿನ ರಜೆ ಹಾಕಿ ಕೂತಿದ್ದಾನೆ! ಓಡಿಹೋಗುವ ಹಂಚಿಕೆ ಇರಬೇಕು ಅಂದುಕೊಂಡೆ. ಅದೇ ಸಿಟ್ಟಿನಲ್ಲಿ ಸ್ಥಿತಿಯನ್ನು ‘ಕೆಲಸ ತೊರೆದಿದ್ದಾರೆ’ ಎಂದು ಬದಲಿಸಿ, ಉಳಿಸು ಎಂದು ಒತ್ತಿ, ಸೀದಾ ಮೀನಿನ ಸಾಲಿಗೆ ಇಳಿದೆ.

ಇಪ್ಪತ್ತು ಜನ ಕೊಯ್ಯುತ್ತಿದ್ದರು. ಎಲ್ಲರ ಮುಂದೆಯೇ ಕೇಳಿದೆ.

“ಏನಪ್ಪಾ, ಇನ್ನೂ ಮೂರು ದಿನ ರಜೆ ಬೇಕಾ ನಿನಗೆ? ನಿನ್ನ ಬುಡಕ್ಕೆ ಬೆಂಕಿ ಬಿದ್ದಿರೋ ಹೊತ್ತಲ್ಲಿ?”

ಅವನು ಕತ್ತಿ ಕೆಳಗಿಟ್ಟ. “ಯಾವ ರಜೆ ಅಕ್ಕ? ನಾನು ಹಾಕಿಲ್ಲ.”

“ಹಂಗಾದ್ರೆ ದೆವ್ವ ಹಾಕ್ತಾ?”

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅವನು ನಗಲಿಲ್ಲ. ಕೈಯನ್ನು ಏಪ್ರನ್ನಿಗೆ ಒರೆಸಿ ಒರೆಸಿ ನಿಂತಿದ್ದ.

“ಚೀಟಿ ಸಿಗಲಿಲ್ವಾ ಅಕ್ಕ?”

“ಇಲ್ಲ.”

“ಈಗ ಏನಾಗುತ್ತೆ?”

“ನಾಲ್ಕಕ್ಕೆ ಪಟ್ಟಿ ಹೋಗುತ್ತೆ. ಆಮೇಲೆ ನಂದೇನೂ ನಡೆಯಲ್ಲ.”

“ಕಾರ್ಡು?”

“ನನ್ನ ಹತ್ರ ಇದೆ, ಇರ್ಲಿ,” ಎಂದು ತಿರುಗಿ ನೋಡದೆ ಮೆಟ್ಟಿಲು ಹತ್ತಿದೆ. ಈ ಮಾತನ್ನು ಈಗ ಬರೆಯುವಾಗ ನನ್ನ ಬಾಯಿಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಎರಡೂವರೆಗೆ ಪಟ್ಟಿಯ ಜೊತೆ ಆ ಹೊಸ ರಜೆಯ ಅರ್ಜಿಯನ್ನೂ ಅಚ್ಚುಹಾಕಿ ಕಳಿಸೋಣ, ಇವನೆಂಥವನೆಂದು ಅವರಿಗೂ ತಿಳಿಯಲಿ ಎಂದುಕೊಂಡು ‘ಮುಂಬರುವ ರಜೆ’ಯ ಮೇಲೆ ಒತ್ತಿದೆ. ಅರ್ಜಿ ತೆರೆಯಿತು. ಕಾರಣ: ಭಿಕ್ಷು ದೀಕ್ಷೆ. ಮಾರ್ಚಿ ಹನ್ನೆರಡರಿಂದ ಹದಿನಾಲ್ಕು.

ತಾಯಿಯ ವರ್ಷಾಬ್ದಿಗೆ ಮತ್ತೆ ಭಿಕ್ಷುವಾಗುತ್ತಾನೇನೋ ಅಂದುಕೊಂಡೆ. ಅದೂ ಇರಬಹುದಲ್ಲ. ಆಮೇಲೆ ಇಸವಿ ನೋಡಿದೆ. ೨೦೬೭.

ಎದುರಿನ ಗೋಡೆಯ ಕ್ಯಾಲೆಂಡರ್ ನೋಡಿದೆ. ನಮ್ಮ ಕ್ಯಾಲೆಂಡರ್, ಬುದ್ಧನ ಲೆಕ್ಕದ್ದು: ೨೫೬೭. ಬ್ಯಾಂಕಿನಲ್ಲಾಗಲಿ ಶಾಲೆಯಲ್ಲಾಗಲಿ ನಾವು ಹಾಕುವುದು ಅದನ್ನೇ, ಬರೆಯುವಾಗ ಬರೀ ೬೭. ಚೀಟಿಗಳಲ್ಲೆಲ್ಲ ಹಾಗೆಯೇ ಇತ್ತು, ೧೨/೩/೬೭. ಸಾಫ್ಟ್‌ವೇರಿನದು ಪರದೇಶಿಗಳ ಇಸವಿ, ಅದಕ್ಕೆ ಇದು ೨೦೨೪. ಎಂಟು ದಿನ ನಾನು ಅದರ ಕ್ಯಾಲೆಂಡರ್ ತೆರೆದು ಒಂದೊಂದೇ ತಾರೀಕು ಒತ್ತಿ ಸರಿಯಾಗಿಯೇ ತುಂಬಿದ್ದೆ. ಒಂಬತ್ತನೆಯ ದಿನ ಸಂಜೆ, ಕೊನೆಯ ನಲವತ್ತು ಚಿಲ್ಲರೆ ಚೀಟಿ ಉಳಿದಿದ್ದಾಗ, ಒಂದು ಒಳದಾರಿ ಸಿಕ್ಕಿತು: ಕ್ಯಾಲೆಂಡರ್ ತೆರೆಯುವುದೇ ಬೇಡ, ಎರಡಂಕಿಯ ಇಸವಿ ಹೊಡೆದರೂ ಒಪ್ಪಿಕೊಳ್ಳುತ್ತದೆ. ಪಕ್ಕದ ಮೇಜಿನ ಚಮೈಗೆ ತೋರಿಸಿ ಜಂಬವನ್ನೂ ಕೊಚ್ಚಿಕೊಂಡಿದ್ದೆ. ಚೀಟಿಯಲ್ಲಿದ್ದ ೬೭ನ್ನು ಹಾಗೇ ಹೊಡೆಯುತ್ತ ಹೋದೆ. ಅದು ಇಪ್ಪತ್ತು ಸೇರಿಸಿಕೊಂಡು ಇವನ ರಜೆಯನ್ನು ನಲವತ್ತಮೂರು ವರ್ಷ ಮುಂದಕ್ಕೆ ಒಯ್ದು ಇಟ್ಟಿತ್ತು. ಆ ಹೊತ್ತಿಗೆ ನನಗೆ ತೊಂಬತ್ತು, ಅವನಿಗೆ ಎಪ್ಪತ್ತೆರಡು.

೨೦೬೭ರ ರಜೆಗಳನ್ನೆಲ್ಲ ಹುಡುಕಿದೆ. ನಲವತ್ತಾರು ಬಂದವು. ಉಳಿದವೆಲ್ಲ ಅರ್ಧ ದಿನ, ಒಂದು ದಿನದ ರಜೆಗಳು, ಹಾಗಾಗಿ ಯಾವ ಪಟ್ಟಿಗೂ ಸಿಕ್ಕಿರಲಿಲ್ಲ. ಸತತ ಮೂರು ದಿನದ್ದು ಇವನದೊಂದೇ. ಕೆಳಗೆ, ದಾಖಲಿಸಿದವರು: ಲಮ್ಯಾಯ್.

ಆ ಪುಟ ಮುಚ್ಚಿಬಿಡಲು ಕೈ ಹೋಯಿತು ಎಂದು ಒಪ್ಪಿಕೊಳ್ಳುತ್ತೇನೆ. ಯಾರಿಗೂ ಗೊತ್ತಿಲ್ಲ. ನಾಲ್ಕಾದರೆ ಪಟ್ಟಿ ಹೋಗುತ್ತದೆ, ನನ್ನ ಹೆಸರು ಎಲ್ಲೂ ಬರುವುದಿಲ್ಲ. ನಲವತ್ತೇಳನೆಯ ವಯಸ್ಸಿನಲ್ಲಿ ನನಗೆ ಇನ್ನೊಂದು ಮೇಜು ಯಾರು ಕೊಡುತ್ತಾರೆ? ಆದರೆ ಅವನು ಬೆಳಿಗ್ಗೆ ಹೇಳಿದ್ದು ಕಿವಿಯಲ್ಲೇ ಇತ್ತು, ಮೀನು ಬಿಟ್ಟು ಬೇರೇನೂ ಕೊಯ್ದವನಲ್ಲ ಎಂದು. ಎದ್ದು ಥವೀಸಕ್ ಅವರ ಬಾಗಿಲು ತಳ್ಳಿದೆ.

“ಸರ್, ಸಿಕ್ತು. ತಪ್ಪು ನಂದು.”

ಪರದೆ ತೋರಿಸಿದೆ. ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

“ಎಪ್ಪತ್ತೆರಡನೇ ವಯಸ್ಸಿಗೆ ರಜೆ ಮಂಜೂರು ಮಾಡಿದ್ದೀರಲ್ರೀ! ಪಿಂಚಣೀನೂ ಬರೆದುಬಿಡಬೇಕಿತ್ತು.”

“ತಿದ್ದಿಬಿಡ್ತೀನಿ ಸರ್,” ಅಂದೆ.

“ಈಗ ತಿದ್ದಿದ್ರೆ ಯಾರು ತಿದ್ದಿದ್ದು, ಎಷ್ಟು ಗಂಟೆಗೆ ಅನ್ನೋದೆಲ್ಲ ಅದ್ರಲ್ಲಿ ಉಳಿಯುತ್ತೆ. ಬ್ಯಾಂಕಾಕಿನೋರು ಕೇಳೇ ಕೇಳ್ತಾರೆ. ಏನು ಹೇಳ್ಲಿ?”

“ಲಮ್ಯಾಯ್ ತಪ್ಪು ಮಾಡಿದ್ಲು ಅಂತ ಹೇಳಿ.”

“ಸೋಮವಾರ ನಿಮಗೊಂದು ಕಾಗದ ಕೊಡಬೇಕಾಗುತ್ತೆ.”

“ಕೊಡಿ ಸರ್.”

ಅವರು ಪಟ್ಟಿಯ ಮೇಲೆ ಪೆನ್ನಿನಿಂದ ಗೀಟು ಎಳೆದರು. ಒಂದೇ ಹೆಸರಿದ್ದ ಪಟ್ಟಿ ಖಾಲಿಯಾಯಿತು. ನಾನು ಮೇಜಿಗೆ ಬಂದು ೨೦೬೭ನ್ನು ಅಳಿಸಿ ೨೦೨೪ ಎಂದು ಹಾಕಿ ಉಳಿಸಿದೆ. ಮೂರು ಕೆಂಪು ಚೌಕಗಳು ಹಸಿರಾದವು. ಮೂರೂಕಾಲು ಗಂಟೆ. ಖುಷಿಗೆ ಕಣ್ಣು ತುಂಬಿತು. ಅವನಿಗೆ ಹೇಳಿಬಿಡೋಣ, ಕ್ಷಮಿಸಪ್ಪಾ ಎಂದೂ ಹೇಳಿಬಿಡೋಣ ಎಂದು ಕೆಳಗೆ ಓಡಿದೆ.

ಅವನ ಜಾಗ ಖಾಲಿ ಇತ್ತು. ಕತ್ತಿ ತೊಳೆದಿಟ್ಟಿತ್ತು, ಏಪ್ರನ್ ಮಡಿಸಿಟ್ಟಿತ್ತು.

“ಕಕ್ಕಸಿಗೆ ಹೋಗಿಬರ್ತೀನಿ ಅಂದ,” ಅಂದ ಪ್ರಯೂನ್. “ಎರಡು ಗಂಟೇಲಿ.”

“ಎರಡು ಗಂಟೇಲಿ ಕಕ್ಕಸಿಗೆ ಹೋದೋನು ಮೂರೂಕಾಲಾದ್ರೂ ಬಂದಿಲ್ಲ ಅಂದ್ರೆ ನಿಮಗೇನೂ ಅನ್ನಿಸಲಿಲ್ವಾ?”

“ನೀವು ಬಂದು ಎಲ್ರ ಮುಂದೆ ಮಂಗಳಾರತಿ ಎತ್ತಿದ್ರಲ್ಲ. ಅಳ್ತಾ ಇರ್ತಾನೆ ಅಂದ್ಕೊಂಡೆ. ಜೊತೆಗೆ ಆ ಕಾವಲುಗಾರ ಬೇರೆ, ಸಂಜೆ ಪೊಲೀಸ್ ವ್ಯಾನ್ ಬರುತ್ತೆ, ಹೆಸರಿರೋರನ್ನ ತುಂಬ್ಕೊಂಡು ಹೋಗುತ್ತೆ ಅಂತ ಹೆದರಿಸಿದ್ನಂತೆ. ತಮಾಷೆಗೆ.”

ಅವನ ಫೋನು ಹಚ್ಚಿದೆ, ಬಂದ್ ಆಗಿತ್ತು. ಮೇಲೆ ಹೋಗಿ ಡ್ರಾಯರ್ ಎಳೆದೆ. ಗುಲಾಬಿ ಕಾರ್ಡು ಬೆಳಿಗ್ಗೆ ಇಟ್ಟಲ್ಲೇ ಇತ್ತು. ಈ ಊರಿನಲ್ಲಿ ಅವನ ಜನ ಕಾರ್ಡಿಲ್ಲದೆ ಸಂತೆಗೂ ಹೋಗುವುದಿಲ್ಲ. ಅದನ್ನು ಚೀಲಕ್ಕೆ ಹಾಕಿಕೊಂಡೆ. ಪರದೆಯ ಮೇಲೆ ಅವನ ಪುಟ ತೆರೆದೇ ಇತ್ತು. ಮುಚ್ಚಿ ಹೊರಬಿದ್ದೆ. ಆ ಗಡಿಬಿಡಿಯಲ್ಲಿ ಬೇರೇನೂ ತಲೆಗೆ ಹೊಳೆಯಲಿಲ್ಲ.

ಬಾಡಿಗೆ ಮೋಟಾರ್‌ಸೈಕಲ್ಲಿನ ಹಿಂದೆ ಕೂತು ಅವನ ಕೋಣೆಗೆ ಹೋದೆ. ಬಂದರಿನ ಹಿಂದಿನ ಗಲ್ಲಿ, ನಾಲ್ಕನೆಯ ಮಹಡಿ. ಅವನ ಚಿಕ್ಕಪ್ಪನ ಮಗಳು ಮಿ ಪಕಾವ್ ಬಾಗಿಲು ತೆಗೆದಳು. ಅವಳು ಸೀಗಡಿ ಸುಲಿಯುವ ಬೇರೆ ಕಾರ್ಖಾನೆಯವಳು, ಬೆಳಗಿನ ಪಾಳಿ ಮುಗಿಸಿ ಬಂದಿದ್ದಳು.

“ಚಾನ್ ಎಲ್ಲಿ?”

“ನೀವು ಯಾರು?”

“ರಜೆ ಅಕ್ಕ.”

ಅವಳ ಮುಖ ಗಟ್ಟಿಯಾಯಿತು. “ಚೀಟಿ ಸಿಗಲಿಲ್ಲ ಅಂದ್ರು ರಜೆ ಅಕ್ಕ ಅಂತ ಬಂದ. ಚೀಲ ತಗೊಂಡ. ವ್ಯಾನ್ ಬರೋಕೆ ಮುಂಚೆ ಹೋಗ್ತೀನಿ ಅಂದ. ಎಲ್ಲಿಗೆ ಅಂತ ನನಗೂ ಹೇಳಿಲ್ಲ, ನಾನು ಸಿಕ್ಕಿಬೀಳ್ತೀನಿ ಅಂತ.”

“ಸಿಕ್ತು ಕಣೇ. ಅವನ ರಜೆ ಸಿಕ್ತು. ಕೆಲಸ ಹೋಗಿಲ್ಲ. ಕಾರ್ಡು ಇಲ್ಲಿದೆ ನೋಡು.”

ಅವಳು ಕೈ ಚಾಚಿ ಕಾರ್ಡು ಮುಟ್ಟಿದಳು, ತೆಗೆದುಕೊಳ್ಳಲಿಲ್ಲ. “ನೀವೇ ಇಟ್ಕೊಳ್ಳಿ. ನೀವು ಹುಡುಕಿದ್ರೆ ಪೊಲೀಸರು ಏನೂ ಕೇಳಲ್ಲ. ನಾನು ಹೋದ್ರೆ ನನ್ನೇ ಕೇಳ್ತಾರೆ.”

ಇಬ್ಬರೂ ಒಬ್ಬರ ನಂಬರ್ ಒಬ್ಬರು ಬರೆದುಕೊಂಡೆವು. ಅಲ್ಲಿಂದ ವಿಹಾರಕ್ಕೆ ಹೋದೆ. ಇವನ ಹುಬ್ಬು ಬೋಳಿಸಿದ ಗುರುಗಳು ಅಂಗಳ ಗುಡಿಸುತ್ತಿದ್ದರು, ಬಂದಿಲ್ಲ ಅಂದರು. ವ್ಯಾನುಗಳ ನಿಲ್ದಾಣದಲ್ಲಿ ಚಾಲಕರಿಗೆ ಫೋಟೋ ತೋರಿಸಿದೆ, ಕಾರ್ಡಿನಲ್ಲಿದ್ದ ಫೋಟೋ. ಕಾರ್ಡಿನವರೆಲ್ಲ ನಮಗೆ ಒಂದೇ ಥರ ಕಾಣ್ತಾರೆ ಎಂದ ಒಬ್ಬ. ಅವನನ್ನು ನಾನು ಬೈದ ಬೈಗುಳವನ್ನು ಇಲ್ಲಿ ಬರೆಯಲಾರೆ.

ಶನಿವಾರ ನನಗೆ ಬಿಡುವು. ಬೆಳಿಗ್ಗೆ ಏಳಕ್ಕೇ ಹೊರಟೆ. ಮೀನಿನ ಸಗಟು ಸಂತೆ, ದೋಣಿಕಟ್ಟೆ, ಮೋನ್ ಜನರ ಚಹಾ ಅಂಗಡಿಗಳು, ಹೊಳೆಯಾಚೆಯ ಉಪ್ಪಿನ ಗದ್ದೆ. ಹೋದಲ್ಲೆಲ್ಲ ಒಂದೇ ಮಾತು: “ಚಾನ್ ಥಾವ್ ಸಿಕ್ಕರೆ ಹೇಳಿ, ರಜೆ ಸಿಕ್ಕಿದೆ, ಕೆಲಸ ಇದೆ, ಬಾ ಅಂತ.” ಜನ ನನ್ನ ಕಂಪನಿಯ ಅಂಗಿ ನೋಡಿ ಹೆದರಿ ಗೊತ್ತಿಲ್ಲ ಅನ್ನುತ್ತಿದ್ದರು. ಅಂಗಿ ಬದಲಿಸಿಕೊಂಡು ಮತ್ತೆ ಹೋದೆ. ಭಾನುವಾರವೂ ಹೋದೆ. ಕಾಲು ಬಾತುಕೊಂಡಿತ್ತು. ಹತ್ತೊಂಬತ್ತು ವರ್ಷ ಕೂತಲ್ಲೇ ಜನರನ್ನು ಹುಡುಕಿದವಳಿಗೆ ನಡೆದು ಹುಡುಕುವುದು ಗೊತ್ತಿರಲಿಲ್ಲ.

ಸೋಮವಾರ ಒಂಬತ್ತಕ್ಕೆ ಮೇಜಿನ ಮೇಲೆ ನನ್ನ ಕಾಗದ ಕಾದಿತ್ತು. ಎಚ್ಚರಿಕೆ ಮಾತ್ರ, ಕೆಲಸ ಉಳಿದಿತ್ತು. ಓದಿ ಮಡಿಸುವಷ್ಟರಲ್ಲಿ ಮಿ ಪಕಾವ್ ಒಳಗೆ ಬಂದಳು. ಕಣ್ಣು ಕೆಂಪಗಿತ್ತು.

“ಹಿಡಿದುಬಿಟ್ರು ಅಕ್ಕ. ಶನಿವಾರಾನೇ. ಕಬ್ಬಿನ ಕೆಲಸಕ್ಕೆ ಅಂತ ಕಾಂಚನಬುರಿ ಕಡೆ ಹೋಗ್ತಿದ್ನಂತೆ. ದಾರೀಲಿ ಪೊಲೀಸರು ಬಾಡಿಗೆ ವ್ಯಾನ್ ನಿಲ್ಲಿಸಿ ಕಾರ್ಡು ಕೇಳಿದ್ರಂತೆ.”

“ಕಾರ್ಡು ನನ್ನ ಹತ್ರ ಇದೆ ಅಂತ ಹೇಳಬಹುದಿತ್ತಲ್ಲ!”

“ಹೇಳಿದ. ಇಂಥ ಕಾರ್ಖಾನೆ, ಕಾರ್ಡು ಆಫೀಸಲ್ಲಿದೆ, ಬೇಕಾದ್ರೆ ಕೇಳಿ ಅಂದ. ಆ ಪೊಲೀಸು ಒಳ್ಳೆಯೋನೇ ಅಂತೆ. ಇಲ್ಲಿಗೆ ಫೋನ್ ಮಾಡಿ ಕೇಳಿದ್ನಂತೆ.”

“ಮತ್ತೆ?”

“ಇಂಥೋನು ನಮ್ಮಲ್ಲಿಲ್ಲ ಅಂದ್ರಂತೆ.”

ನಾನು ಚಮೈ ಕಡೆ ತಿರುಗಿದೆ. ಶನಿವಾರದ ಸರದಿ ಅವಳದು.

“ಫೋನ್ ಬಂದಿತ್ತೇನೇ?”

“ಬಂದಿತ್ತಕ್ಕ, ಹತ್ತೂಕಾಲಿಗೆ,” ಅಂದಳು ಚಮೈ. ಅವಳ ದನಿ ಆಗಲೇ ಇಳಿದುಹೋಗಿತ್ತು. “ಹೆಸರು ಹೇಳಿದ್ರು, ಹುಡುಕಿದೆ. ಕೆಲಸ ತೊರೆದಿದ್ದಾರೆ, ಶುಕ್ರವಾರದಿಂದ ಅಂತ ಬಂತು. ಬಂದಿದ್ದನ್ನ ಹೇಳಿದೆ. ನೀವು ಹೇಳ್ಕೊಟ್ಟ ಹಾಗೇ ಅಕ್ಕ.”

ಪುಟ ತೆರೆದೆ. ಮಾರ್ಚಿಯ ಮೂರು ಚೌಕಗಳು ಹಸಿರಾಗಿದ್ದವು, ರಜೆ ಮಂಜೂರಾಗಿತ್ತು, ಇಸವಿ ಸರಿಯಾಗಿತ್ತು. ಅದರ ಮೇಲೆ, ಹೆಸರಿನ ಕೆಳಗೆ, ‘ಕೆಲಸ ತೊರೆದಿದ್ದಾರೆ’. ಶುಕ್ರವಾರ ಒಂದು ಗಂಟೆಗೆ ಸಿಟ್ಟಿನಲ್ಲಿ ನಾನು ಬದಲಿಸಿದ್ದು. ಇಸವಿ ತಿದ್ದಿದೆ, ಪಟ್ಟಿಗೆ ಗೀಟು ಎಳೆಸಿದೆ, ಇದನ್ನು ಮರೆತು ಅವನ ಬೆನ್ನು ಹತ್ತಿ ಓಡಿದೆ. ಶನಿವಾರ ಹತ್ತೂಕಾಲಿಗೆ ನಾನು ದೋಣಿಕಟ್ಟೆಯಲ್ಲಿದ್ದೆ, ಅವನಿಗೆ ಕೆಲಸ ಇದೆ ಎಂದು ಕಂಡಕಂಡವರಿಗೆ ಹೇಳುತ್ತಾ.

ಮಿ ಪಕಾವ್‌ಗೆ ಇದೊಂದೂ ಗೊತ್ತಾಗಲಿಲ್ಲ. ಅವಳು ನನ್ನ ಪರದೆಯನ್ನೇ ನೋಡುತ್ತಿದ್ದಳು.

“ಇವತ್ತು ಬೆಳಿಗ್ಗೆ ಗಡಿ ಸೇತುವೆ ದಾಟಿಸಿದ್ರು. ಆಚೆ ದಂಡೆಯಿಂದ ಯಾರದೋ ಫೋನ್ ಇಸ್ಕೊಂಡು ಮಾತಾಡಿದ. ನೀವು ಹೇಳಿದ್ದು ಹೇಳಿದೆ, ರಜೆ ಸಿಕ್ತಂತೆ ಅಂತ. ನಕ್ಕ ಅಕ್ಕ. ನಿಜಾನಾ ಕೇಳ್ಕೊಂಡು ಬಾ, ನಿಜ ಆದ್ರೆ ಇವತ್ತೇ ಹೆಂಗಾದ್ರೂ ಹೊಳೆ ದಾಟಿ ಬರ್ತೀನಿ ಅಂದ. ಏನು ಹೇಳ್ಲಿ?”

“ನಿಜ ಅಂತ ಹೇಳು. ಕೆಲಸ ಇದೆ ಅಂತ ಹೇಳು. ಈಗ್ಲೇ ಹೇಳು.”

ಅವಳು ನನ್ನ ಮುಂದೆಯೇ ಆ ನಂಬರಿಗೆ ಹಚ್ಚಿದಳು. ಯಾರೋ ಎತ್ತಿದರು. ಅವಳು ತಮ್ಮ ಭಾಷೆಯಲ್ಲಿ ಏನೋ ಕೇಳಿದಳು, ಮತ್ತೆ ಕೇಳಿದಳು. ಆಮೇಲೆ ಕೇಳುವುದನ್ನು ನಿಲ್ಲಿಸಿ ಬರೀ ಹೂಂ ಹೂಂ ಅಂದಳು. ಕೊನೆಗೆ ಫೋನು ಕೆಳಗಿಟ್ಟಳು.

“ಸೇತುವೆ ಹತ್ರ ಕಾಯ್ತಿದ್ದ ಗಂಡಸರನ್ನೆಲ್ಲ ಸೈನ್ಯದೋರು ಲಾರಿ ಹತ್ತಿಸ್ಕೊಂಡು ಹೋದ್ರಂತೆ,” ಅಂದಳು. “ಅರ್ಧ ಗಂಟೆ ಆಯ್ತಂತೆ.”

ಅವಳನ್ನು ಕೂರಿಸಿ ನೀರು ಕೊಟ್ಟವಳು ಚಮೈ. ಆ ಮನುಷ್ಯನನ್ನು ಲಾರಿ ಹತ್ತಿಸಿದವಳು ನಾನು, ಬೇರೆ ಯಾರೂ ಅಲ್ಲ. ಬೆರಳು ತಾನಾಗಿ ಅವನ ಸ್ಥಿತಿಯ ಮೇಲೆ ಹೋಯಿತು. ‘ಕೆಲಸದಲ್ಲಿದ್ದಾರೆ’ ಎಂಬುದನ್ನು ಆರಿಸಿ ಉಳಿಸು ಎಂದು ಒತ್ತಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಆಯಿತು. ಶುಕ್ರವಾರವೂ ಅಷ್ಟೇ ಹೊತ್ತು ಸಾಕಿತ್ತು.